ತಿಮಿಂಗಿಲದ ಬಾಲಕ್ಕೆ ಬಿದ್ದ ಹಗ್ಗ, ತೆರಿಗೆ ಲೆಕ್ಕದಲ್ಲಿ ಬಿದ್ದ ಗಂಟು

2024ರ ಜನವರಿ 28ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ದಡಕ್ಕೆ ಒಂದು ತಿಮಿಂಗಿಲದ ಹೆಣ ಬಂದು ಬಿತ್ತು. ಉತ್ತರ ಅಟ್ಲಾಂಟಿಕ್ ರೈಟ್ ವೇಲ್ ಎಂಬ ಜಾತಿಯದು, ಹೆಣ್ಣು, ವಯಸ್ಸು ಬರೀ ಮೂರು. ವಿಜ್ಞಾನಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ 5120. ಬಾಲದ ಬುಡಕ್ಕೆ ಹಗ್ಗ ಸುತ್ತಿಕೊಂಡು ಒಂದೂವರೆ ವರ್ಷವಾಗಿತ್ತು. 2022ರ ಆಗಸ್ಟ್‌ನಲ್ಲೇ ಅದನ್ನು ಹಗ್ಗದ ಸಮೇತ ಕಂಡವರಿದ್ದರು. ಮರಿ ಬೆಳೆಯುತ್ತಾ ಹೋಯಿತು, ಹಗ್ಗ ಬೆಳೆಯಲಿಲ್ಲ. ಚರ್ಮ ಸೀಳಿ, ಕೊಬ್ಬು ಸೀಳಿ ಮಾಂಸದ ಒಳಕ್ಕೆ ಇಳಿಯಿತು. ಆ ಹಗ್ಗದ ಮೇಲೆ ನೇರಳೆ ಬಣ್ಣದ ಗುರುತಿತ್ತು. ಯಾವ ರಾಜ್ಯದ ಹಗ್ಗ ಎಂದು ಗೊತ್ತಾಗಲಿ ಎಂದೇ 2020ರಲ್ಲಿ ಮೇನ್ ರಾಜ್ಯದಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿ ಹಿಡಿಯುವ ಬೋನುಗಳಿಗೆ ಗೊತ್ತುಮಾಡಿದ ಬಣ್ಣ ಅದು.

ನಮ್ಮ ಹಗ್ಗಕ್ಕೆ ಸಿಕ್ಕು ಒಂದು ರೈಟ್ ವೇಲ್ ಸತ್ತ ದಾಖಲೆಯೂ ಇಲ್ಲ ಎಂಬುದು ಮೇನ್‌ನ ಮೀನುಗಾರರ ಬಲವಾದ ವಾದವಾಗಿತ್ತು. ಆ ವಾದ ಅಂದಿಗೆ ಮುಗಿಯಿತು. ಹಗ್ಗ ಬದಲಾಗಬೇಕು ಎಂಬುದರಲ್ಲಿ ಈಗ ಹೆಚ್ಚು ತಕರಾರಿಲ್ಲ. ಬದಲಾವಣೆಯ ಖರ್ಚು ಯಾರ ತಲೆಗೆ ಎಂಬುದೇ ತಕರಾರು. ಅದಕ್ಕೆ ಮತ್ತೆ ಮತ್ತೆ ಕೇಳಿಬರುವ ಒಂದು ಉತ್ತರ, ತಿಮಿಂಗಿಲಕ್ಕೆ ಅಪಾಯ ಮಾಡದ ಸಾಧನ ಕೊಂಡವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಿ ಎಂಬುದು. ಕೇಳಲು ಚೆನ್ನಾಗಿದೆ. ದಂಡವಿಲ್ಲ, ನಿಷೇಧವಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಲೆಕ್ಕದ ಪುಸ್ತಕ ಬಿಚ್ಚಿ ನೋಡಿದರೆ ಈ ಉಪಾಯ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಕಾಣುತ್ತದೆ.

ಮೊದಲು ಆ ಪ್ರಾಣಿಯ ವಿಷಯ. ಉತ್ತರ ಅಟ್ಲಾಂಟಿಕ್ ರೈಟ್ ವೇಲ್ ನಿಧಾನಕ್ಕೆ ಈಜುತ್ತದೆ, ದಡದ ಹತ್ತಿರ ಸುಳಿಯುತ್ತದೆ, ಕೊಂದರೆ ಮುಳುಗದೆ ತೇಲುತ್ತದೆ. ಬೇಟೆಗೆ ಇದೇ ಸರಿಯಾದ ತಿಮಿಂಗಿಲ ಎಂದು ಹಳೆಯ ಬೇಟೆಗಾರರು ಇಟ್ಟ ಹೆಸರೇ ಉಳಿಯಿತು ಎನ್ನುತ್ತಾರೆ. 1935ರಿಂದ ಬೇಟೆ ನಿಷಿದ್ಧ. 2010ರ ಆಸುಪಾಸಿನಲ್ಲಿ 480ರವರೆಗೆ ಏರಿದ್ದ ಸಂಖ್ಯೆ ಆಮೇಲೆ ಇಳಿಯುತ್ತಾ ಬಂದು ಈಗ ಸುಮಾರು 380ರಲ್ಲಿ ನಿಂತಿದೆ. ಅದರಲ್ಲಿ ಮರಿ ಹಾಕಬಲ್ಲ ಹೆಣ್ಣುಗಳು 70ರಷ್ಟು ಮಾತ್ರ. 100ರಲ್ಲಿ 85ಕ್ಕೂ ಹೆಚ್ಚು ತಿಮಿಂಗಿಲಗಳ ಮೈಮೇಲೆ ಜೀವಮಾನದಲ್ಲಿ ಒಮ್ಮೆಯಾದರೂ ಹಗ್ಗಕ್ಕೆ ಸಿಕ್ಕ ಗಾಯದ ಕಲೆ ಇದೆ. ಹಡಗು ಡಿಕ್ಕಿ ಹೊಡೆದು ಸಾಯುವುದು ಇನ್ನೊಂದು ದೊಡ್ಡ ಕಾರಣ. ಹಗ್ಗ ಎಲ್ಲವನ್ನೂ ಕೊಲ್ಲುವುದಿಲ್ಲ. ಆದರೆ ಹಗ್ಗ ಎಳೆದುಕೊಂಡು ತಿಂಗಳುಗಟ್ಟಲೆ ಈಜುವ ಹೆಣ್ಣು ಮೈಯ ಕೊಬ್ಬನ್ನೆಲ್ಲ ಅದಕ್ಕೇ ಸವೆಸುತ್ತದೆ, ಮತ್ತೆ ಮರಿ ಹಾಕುವ ಶಕ್ತಿ ಬರಲು ವರ್ಷಗಳು ಬೇಕಾಗುತ್ತವೆ.

ಇನ್ನು ಮೇನ್‌ನ ಮೀನುಗಾರಿಕೆ. ಲಾಬ್‌ಸ್ಟರ್ ಬೋನು ಎಂದರೆ ತಂತಿ ಜಾಲರಿಯ ಪೆಟ್ಟಿಗೆ. ಒಳಗೆ ಮೀನಿನ ತುಂಡು ಕಟ್ಟಿ ಸಮುದ್ರದ ತಳಕ್ಕೆ ಇಳಿಸುತ್ತಾರೆ. ತಳದ ಬೋನಿನಿಂದ ನೀರಿನ ಮೇಲಿನ ತೇಲುಬುರುಡೆಯವರೆಗೆ ನೆಟ್ಟಗೆ ನಿಂತ ಒಂದು ಹಗ್ಗ. ಬುರುಡೆಯ ಬಣ್ಣ ನೋಡಿದರೆ ಬೋನು ಯಾರದೆಂದು ಊರಿಗೆಲ್ಲ ಗೊತ್ತು. ಬೆಳಿಗ್ಗೆ ಬೋಟು ಬರುತ್ತದೆ, ಕೊಕ್ಕೆ ಹಾಕಿ ಬುರುಡೆ ಎಳೆದುಕೊಂಡು ಹಗ್ಗವನ್ನು ರಾಟೆಗೆ ಸಿಕ್ಕಿಸಿದರೆ ಬೋನು ಸರಸರ ಮೇಲೆ ಬರುತ್ತದೆ. ಒಬ್ಬೊಬ್ಬರಿಗೆ 800 ಬೋನಿನವರೆಗೆ ಅವಕಾಶ. ಲೈಸೆನ್ಸ್ ಇದ್ದವನೇ ಬೋಟಿನಲ್ಲಿ ಇರಬೇಕೆಂಬ ನಿಯಮವೂ ಇದೆ. ಹಾಗಾಗಿ ಅಲ್ಲಿ ದೊಡ್ಡ ಕಂಪನಿಗಳಿಲ್ಲ. ಪ್ರತಿ ಬೋಟೂ ಒಂದು ಮನೆಯ ದಂಧೆ, ಅಂಥವು ಸಾವಿರಾರು. 2016ರಲ್ಲಿ 6 ಕೋಟಿ ಕಿಲೋ ಮುಟ್ಟಿದ್ದ ಹಿಡಿತ 2024ರಲ್ಲಿ 3.9 ಕೋಟಿ ಕಿಲೋಗೆ ಇಳಿದಿದೆ. ಆ ವರ್ಷದ ಮೌಲ್ಯ ಸುಮಾರು 52.8 ಕೋಟಿ ಡಾಲರ್. ಅದಕ್ಕೂ ಮೂರು ವರ್ಷ ಹಿಂದೆ, 2021ರಲ್ಲಿ, 70 ಕೋಟಿ ದಾಟಿತ್ತು. ವರ್ಷದಿಂದ ವರ್ಷಕ್ಕೆ ಹೀಗೆ ಏರಿಳಿಯುವ ದಂಧೆ ಇದು ಎಂಬುದನ್ನು ನೆನಪಿಡಬೇಕು. ತೆರಿಗೆಯ ಮಾತಿಗೆ ಬಂದಾಗ ಇದೇ ಮುಖ್ಯವಾಗುತ್ತದೆ.

ನೀರಿನಲ್ಲಿ ನೆಟ್ಟಗೆ ನಿಂತ ಆ ಹಗ್ಗವೇ ತಿಮಿಂಗಿಲಕ್ಕೆ ಕಂಟಕ. ಅದಕ್ಕೆ ಸದ್ಯಕ್ಕೆ ಎರಡು ದಾರಿಗಳಿವೆ. ಒಂದು, ಸುಲಭವಾಗಿ ತುಂಡಾಗುವ ಹಗ್ಗ. 1,700 ಪೌಂಡ್, ಅಂದರೆ ಸುಮಾರು 770 ಕಿಲೋ ಎಳೆತಕ್ಕೆ ತುಂಡಾಗುವಂತಿದ್ದರೆ ಬೆಳೆದ ತಿಮಿಂಗಿಲ ಜಗ್ಗಿ ಬಿಡಿಸಿಕೊಳ್ಳಬಲ್ಲದು, ಪ್ರಾಣಾಂತಿಕ ಪ್ರಕರಣಗಳು 72%ರಷ್ಟಾದರೂ ಕಡಿಮೆಯಾಗಬಹುದು ಎಂದು 2016ರ ಒಂದು ಅಧ್ಯಯನ ಲೆಕ್ಕ ಹಾಕಿತು. ಇದು ಅಗ್ಗ. ಆದರೆ ಸೆಳೆತ ಜೋರಿರುವ ಆಳದ ನೀರಿನಲ್ಲಿ ಒಂದೇ ಸರಕ್ಕೆ ಹತ್ತಿಪ್ಪತ್ತು ಬೋನು ಕಟ್ಟಿ ಎಳೆಯುವವನಿಗೆ ಹಗ್ಗ ತುಂಡಾದರೆ ಇಡೀ ಸರವೇ ತಳದಲ್ಲಿ ಉಳಿಯುತ್ತದೆ. ಮರಿಗಳಿಗೆ ಈ ಹಗ್ಗವೂ ಗಟ್ಟಿಯೇ. 5120 ಸಿಕ್ಕಿಬಿದ್ದಾಗ ಅದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ.

ಎರಡನೆಯದು, ಕರೆದಾಗ ಮೇಲೆ ಬರುವ ಬೋನು. ಇದರಲ್ಲಿ ನೀರಿನೊಳಗೆ ನಿಂತ ಹಗ್ಗವೇ ಇರುವುದಿಲ್ಲ. ಹಗ್ಗದ ಸುರುಳಿಯೂ ಬುರುಡೆಯೂ ತಳದಲ್ಲೇ ಪೆಟ್ಟಿಗೆಯೊಳಗೆ ಬೀಗ ಹಾಕಿದಂತೆ ಕೂತಿರುತ್ತವೆ. ಅಥವಾ ಗಾಳಿ ತುಂಬುವ ಚೀಲವೊಂದು ಬೋನಿಗೆ ಕಟ್ಟಿರುತ್ತದೆ. ಬೋಟಿನಿಂದ ಶಬ್ದದ ಸಂಕೇತ ಕಳಿಸಿದಾಗ ಬೀಗ ಬಿಟ್ಟು ಬುರುಡೆ ಮೇಲೇಳುತ್ತದೆ, ಇಲ್ಲವೇ ಚೀಲ ಉಬ್ಬಿ ಬೋನನ್ನೇ ಎತ್ತುತ್ತದೆ. ಒಂದು ಸಾಧನಕ್ಕೆ ಕೆಲವು ಸಾವಿರ ಡಾಲರ್. ಮಾಮೂಲಿ ಹಗ್ಗ, ಬುರುಡೆಗೆ ಬೀಳುವ ಖರ್ಚಿನೊಂದಿಗೆ ಇದನ್ನು ಹೋಲಿಸುವಂತೆಯೇ ಇಲ್ಲ. ಸಮಯವೂ ಹೆಚ್ಚು ಹಿಡಿಯುತ್ತದೆ. ಎತ್ತಿದ ಮೇಲೆ ಹಗ್ಗವನ್ನು ಮತ್ತೆ ಸುತ್ತಿ ಪೆಟ್ಟಿಗೆಗೆ ತುಂಬಬೇಕು, ಚೀಲವಾದರೆ ಗಾಳಿ ತುಂಬಿಸಬೇಕು. ಮಧ್ಯಾಹ್ನ ಗಾಳಿ ಏಳುವುದರೊಳಗೆ 300 ಬೋನು ಎತ್ತಿ ಮುಗಿಸಬೇಕಾದವನಿಗೆ ಪ್ರತಿ ಸರಕ್ಕೆ ಹತ್ತು ನಿಮಿಷ ಕೂಡಿದರೆ ಆ ದಿನದ ಲೆಕ್ಕವೇ ತಪ್ಪುತ್ತದೆ.

ಈ ಜಗಳದ ಕಾನೂನಿನ ಕಥೆ ಉದ್ದವಾದದ್ದು, ಚುಟುಕಾಗಿ ಹೇಳುತ್ತೇನೆ. ಅಪಾಯವನ್ನು 60% ತಗ್ಗಿಸುವ ಗುರಿಯಿಟ್ಟು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು: ತುಂಡಾಗುವ ಹಗ್ಗ, ಸರಕ್ಕೆ ಹೆಚ್ಚು ಬೋನು, ಮೇನ್ ತೀರದಾಚೆ ಸುಮಾರು 970 ಚದರ ಮೈಲಿ ಜಾಗದಲ್ಲಿ ಅಕ್ಟೋಬರ್‌ನಿಂದ ಜನವರಿವರೆಗೆ ಹಗ್ಗದ ಬೋನಿಗೆ ನಿರ್ಬಂಧ. 2022ರ ಜುಲೈನಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶರೊಬ್ಬರು ಇದು ಸಾಲದು ಎಂದರು. ಅದೇ ಸೆಪ್ಟೆಂಬರ್‌ನಲ್ಲಿ, ಯಾವ ಸಮುದ್ರಾಹಾರ ತಿನ್ನಬಹುದು ಎಂದು ಪಟ್ಟಿ ಮಾಡುವ ಮಾಂಟೆರೆ ಬೇ ಅಕ್ವೇರಿಯಂ ಅಮೆರಿಕದ ಲಾಬ್‌ಸ್ಟರನ್ನು ತಿನ್ನಬಾರದವುಗಳ ಕೆಂಪು ಪಟ್ಟಿಗೆ ಸೇರಿಸಿತು, ವರ್ಷ ಮುಗಿಯುವುದರೊಳಗೆ ಹೋಲ್ ಫುಡ್ಸ್ ಎಂಬ ದೊಡ್ಡ ದಿನಸಿ ಅಂಗಡಿ ಸರಣಿ ಮೇನ್‌ನ ಲಾಬ್‌ಸ್ಟರ್ ಖರೀದಿ ನಿಲ್ಲಿಸಿತು. ಮೇನ್‌ನ ಸಂಸದರು ಸುಮ್ಮನೆ ಕೂರಲಿಲ್ಲ. ಡಿಸೆಂಬರ್‌ನ ಬಜೆಟ್ ಮಸೂದೆಯಲ್ಲಿ ಒಂದು ಕಲಮು ಸೇರಿಸಿ, 2028ರ ಡಿಸೆಂಬರ್ 31ರವರೆಗೆ 2021ರ ನಿಯಮವೇ ಸಾಕು, ಹೊಸದು ಬೇಡ ಎಂದು ಬರೆಸಿಕೊಂಡರು. 2023ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಮೀನುಗಾರರ ಪರ ನಿಂತಿತು. ಸರ್ಕಾರ ಅತಿ ಕೆಟ್ಟದ್ದನ್ನೇ ಊಹಿಸಿಕೊಂಡು ಲೆಕ್ಕ ಹಾಕಿದ್ದು ತಪ್ಪು ಎಂದಿತು.

ಅಂದರೆ ಹೊಸದಾಗಿ ಕಡ್ಡಾಯ ಮಾಡುವ ಬಾಗಿಲು 2028ರ ಕೊನೆಯವರೆಗೆ ಮುಚ್ಚಿದೆ. ಸ್ವಇಚ್ಛೆಯ ಬಾಗಿಲೊಂದೇ ತೆರೆದಿರುವಾಗ ಪ್ರೋತ್ಸಾಹಧನ, ತೆರಿಗೆ ರಿಯಾಯಿತಿಗಳ ಮಾತಿಗೆ ತೂಕ ಬಂದಿದೆ.

ತೆರಿಗೆ ರಿಯಾಯಿತಿ ಎಂದು ಒಂದೇ ಮಾತಿನಲ್ಲಿ ಹೇಳುತ್ತೇವಾದರೂ ಅದರಲ್ಲಿ ಬಗೆಗಳಿವೆ. ಸಾಧನದ ಖರ್ಚನ್ನು ಆದಾಯದಿಂದ ಕಳೆದು ಉಳಿದದ್ದಕ್ಕೆ ತೆರಿಗೆ ಹಾಕುವುದು ಒಂದು ಬಗೆ. ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಒಂದಿಷ್ಟು ವಜಾ ಮಾಡುವ ಕ್ರೆಡಿಟ್ ಇನ್ನೊಂದು ಬಗೆ. ಎರಡಕ್ಕೂ ಅಜಗಜಾಂತರ. ಸಾಧನವೊಂದಕ್ಕೆ 4,000 ಡಾಲರ್ ಎಂದಿಟ್ಟುಕೊಳ್ಳೋಣ. 22% ತೆರಿಗೆ ಕಟ್ಟುವ ಮೀನುಗಾರನಿಗೆ ಮೊದಲ ಬಗೆಯಲ್ಲಿ ಆದಾಯ ತೆರಿಗೆಯಲ್ಲಿ ಉಳಿಯುವುದು 880 ಡಾಲರ್. ಉಳಿದ 3,120 ಅವನ ಜೇಬಿನಿಂದಲೇ ಹೋಗಬೇಕು. ಸ್ವಂತ ದಂಧೆಯವರು ಕಟ್ಟುವ ಸಾಮಾಜಿಕ ಭದ್ರತೆಯ ತೆರಿಗೆಯೂ ತುಸು ಇಳಿಯಬಹುದು, ಅಷ್ಟೇ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಈ ಮೊದಲ ಬಗೆಯ ರಿಯಾಯಿತಿ ಅಮೆರಿಕದಲ್ಲಿ ಆಗಲೇ ಇದೆ. ಹಗ್ಗ, ಬೋನು, ಬುರುಡೆ ಎಲ್ಲವೂ ದಂಧೆಯ ಖರ್ಚು, ಆದಾಯದಿಂದ ಕಳೆಯಬಹುದು. ಬೆಲೆಬಾಳುವ ಯಂತ್ರವಾದರೆ ವರ್ಷ ವರ್ಷ ಸವಕಳಿ ಬರೆಯುತ್ತಾ ಕೂರದೆ ಸೆಕ್ಷನ್ 179ರ ಅಡಿ ಕೊಂಡ ವರ್ಷವೇ ಪೂರ್ತಿ ಕಳೆಯಬಹುದು. ಮೇನ್ ರಾಜ್ಯವಂತೂ ಮೀನುಗಾರಿಕೆಯ ಯಂತ್ರೋಪಕರಣಗಳಿಗೆ ಮಾರಾಟ ತೆರಿಗೆಯನ್ನೂ ಬಿಟ್ಟುಕೊಡುತ್ತದೆ. ಇವೆಲ್ಲ ಹಳೆಯ ಹಗ್ಗಕ್ಕೂ ಸಿಗುತ್ತವೆ, ಹೊಸ ಸಾಧನಕ್ಕೂ ಸಿಗುತ್ತವೆ. ತೆರಿಗೆ ಕಾನೂನಿನ ಕಣ್ಣಿಗೆ ತಿಮಿಂಗಿಲವನ್ನು ಕೊಲ್ಲುವ ಹಗ್ಗವೂ ಉಳಿಸುವ ಹಗ್ಗವೂ ಒಂದೇ. ಹಾಗಾಗಿ ಖರ್ಚು ಕಳೆಯಲು ಅವಕಾಶ ಕೊಡುತ್ತೇವೆ ಎಂದಷ್ಟೇ ಹೇಳುವ ಮಸೂದೆ ಬಂದರೆ ಅದು ಇದ್ದದ್ದನ್ನೇ ಮತ್ತೊಮ್ಮೆ ಕೊಟ್ಟಂತೆ. ವ್ಯತ್ಯಾಸ ಮಾಡಬಲ್ಲದ್ದು ಕ್ರೆಡಿಟ್ ಮಾತ್ರ.

ಕ್ರೆಡಿಟ್‌ನಲ್ಲೂ ಒಂದು ತೊಡಕಿದೆ. ತೆರಿಗೆ ಕಟ್ಟಬೇಕಾದವನಿಗೆ ಮಾತ್ರ ತೆರಿಗೆ ವಜಾ. ಹಿಡಿತ ಕೈಕೊಟ್ಟು, ಡೀಸೆಲ್ ಮತ್ತು ಬೋನಿಗೆ ಕಟ್ಟುವ ಮೀನಿನ ಬೆಲೆ ಏರಿ, ಬೋಟಿನ ಸಾಲದ ಕಂತು ತಲೆಮೇಲೆ ಕೂತ ವರ್ಷ ಅವನಿಗೆ ತೆರಿಗೆಯೇ ಬರುವುದಿಲ್ಲ. ಆಗ ಕ್ರೆಡಿಟ್ ಕಾಗದದ ಮೇಲಿನ ಅಂಕಿ. ಲಾಭ ಬಂದ ವರ್ಷ, ಅದೂ ದೊಡ್ಡ ಬೋಟಿನವನಿಗೆ, ಲೆಕ್ಕ ನೋಡಲು ಅಕೌಂಟೆಂಟ್ ಇಟ್ಟುಕೊಂಡವನಿಗೆ ಅದು ಪೂರ್ತಿ ದಕ್ಕುತ್ತದೆ. ಸಣ್ಣ ಬೋಟಿನ ಯುವಕನಿಗೆ, ಲೈಸೆನ್ಸ್ ಸಿಕ್ಕು ಎರಡು ವರ್ಷವಾದವನಿಗೆ ದಕ್ಕುವುದಿಲ್ಲ. ತೆರಿಗೆ ಬಾರದಿದ್ದರೂ ಹಣವನ್ನು ಕೈಗೇ ಕೊಡುವ ಕ್ರೆಡಿಟ್ ಆದರೆ ಈ ದೋಷ ನೀಗುತ್ತದೆ. ಆಗಲೂ ಹಣ ಬರುವುದು ಮುಂದಿನ ವರ್ಷ ರಿಟರ್ನ್ ಸಲ್ಲಿಸಿದ ಮೇಲೆ, ಅಂಗಡಿಯವನಿಗೆ ಕೊಡಬೇಕಾದದ್ದು ಇವತ್ತು.

ನಮ್ಮ ಕರಾವಳಿಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಕರರಹಿತ ಡೀಸೆಲ್ ಕೊಡುವ ಪದ್ಧತಿಯಿದೆ. ಪೂರ್ತಿ ದರ ಕೊಟ್ಟು ಆಮೇಲೆ ಮರುಪಾವತಿಗೆ ಕಾಯುವ ಬದಲು ಬಂಕಿನಲ್ಲೇ ಕರ ಕಳೆದು ಕೊಡಿ ಎಂದು ಮೀನುಗಾರರು ಪಟ್ಟು ಹಿಡಿದದ್ದು ಯಾಕೆ? ಮೊತ್ತ ಒಂದೇ. ಆದರೆ ಬೋಟು ಕಡಲಿಗೆ ಇಳಿಯುವ ದಿನ ಕೈಯಲ್ಲಿರುವ ಹಣಕ್ಕೂ ತಿಂಗಳುಗಳ ನಂತರ ಖಾತೆಗೆ ಬೀಳುವ ಹಣಕ್ಕೂ ಬೆಲೆ ಒಂದೇ ಅಲ್ಲ. ಮೇನ್‌ನ ಮೀನುಗಾರನದೂ ಅದೇ ಪಾಡು. ಅಂಗಡಿಯಲ್ಲೇ ಬೆಲೆಯಿಂದ ಕಳೆದು, ತೆರಿಗೆಯ ಕ್ರೆಡಿಟ್ ಅಂಗಡಿಯವನಿಗೆ ವರ್ಗವಾಗುವಂತೆ ಮಾಡಿದರೆ ಮಾತ್ರ ಅವನು ಆ ಕಡೆ ತಿರುಗಿ ನೋಡಿಯಾನು.

ಹಾಗಾದರೆ ನೇರ ಸಹಾಯಧನವೇ ಲೇಸಲ್ಲವೇ? ಒಂದು ಮಟ್ಟಿಗೆ ಹೌದು. ಅದೇ 2022ರ ಡಿಸೆಂಬರ್‌ನ ಬಜೆಟ್ ಮಸೂದೆಯಿಂದ ಬಂದ ನೆರವಿನಲ್ಲಿ ಮೇನ್ ಪಾಲಿಗೆ ಸುಮಾರು 1.7 ಕೋಟಿ ಡಾಲರ್ ಸಿಕ್ಕಿತು. ಹೊಸ ಸಾಧನಗಳ ಪ್ರಯೋಗವೂ ಅದರಲ್ಲಿ ಸೇರಿತ್ತು. ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಕೇಂದ್ರ ಪುಸ್ತಕ ಭಂಡಾರದಂತೆ ಒಂದು ಸಾಧನ ಭಂಡಾರ ಇಟ್ಟು, ಕರೆದಾಗ ಬರುವ ಬೋನಿನ ಸಾಧನಗಳನ್ನು ಮೀನುಗಾರರಿಗೆ ಎರವಲು ಕೊಡುತ್ತದೆ. ನನಗೆ ಈ ಎಲ್ಲ ಯೋಜನೆಗಳಲ್ಲಿ ಅತಿ ಹೆಚ್ಚು ಬುದ್ಧಿವಂತಿಕೆಯದು ಎನಿಸಿದ್ದು ಇದೇ. ಕೊಂಡು ಕೈಸುಟ್ಟುಕೊಳ್ಳುವ ಮೊದಲು ತನ್ನ ಬೋಟಿನಲ್ಲಿ, ತನ್ನ ನೀರಿನಲ್ಲಿ ಬಳಸಿ ನೋಡಬಹುದು. ಸಹಾಯಧನದ ತೊಂದರೆ ಎಂದರೆ ಪ್ರತಿ ವರ್ಷ ಸಂಸತ್ತು ಮಂಜೂರು ಮಾಡಬೇಕು. ಅಷ್ಟೇ ಅಲ್ಲ, ಸಹಾಯಧನವನ್ನು ಆದಾಯವೆಂದೇ ಹಿಡಿದು ಸಾಮಾನ್ಯವಾಗಿ ತೆರಿಗೆ ಹಾಕುತ್ತಾರೆ. ಹಣ ಒಂದು ವರ್ಷ ಬಂದು ಖರ್ಚು ಇನ್ನೊಂದು ವರ್ಷ ಬಿದ್ದರೆ ನೆರವೇ ಹೊರೆಯಾಗುತ್ತದೆ. ತಿಮಿಂಗಿಲಕ್ಕಾಗಿ ಕೊಟ್ಟ ಸಹಾಯಧನಕ್ಕೆ ತೆರಿಗೆ ಬೇಡ ಎಂಬ ಒಂದು ಸಾಲು ಕಾನೂನಿನಲ್ಲಿ ಬಂದರೆ ಅದು ದೊಡ್ಡ ಕ್ರೆಡಿಟ್‌ಗಳಿಗಿಂತ ಮೊದಲು ಆಗಬೇಕಾದ ಕೆಲಸ.

ಈಗ ಮುಖ್ಯ ಪ್ರಶ್ನೆ. ಹಣ ಪೂರ್ತಿ ಕೊಟ್ಟರೂ ಮೀನುಗಾರ ಅದನ್ನು ಸಮುದ್ರಕ್ಕೆ ಇಳಿಸುತ್ತಾನೆಯೇ?

ಮೇನ್‌ನ ಬೋಟುಗಳಲ್ಲಿ ಹಲವು ದಶಕಗಳಿಂದ ನಡೆದುಬಂದ ಒಂದು ರೂಢಿಯಿದೆ. ಮೊಟ್ಟೆ ಹೊತ್ತ ಹೆಣ್ಣು ಲಾಬ್‌ಸ್ಟರ್ ಬೋನಿಗೆ ಬಿದ್ದರೆ ಅದರ ಬಾಲದ ಅಂಚಿನಲ್ಲಿ ವಿ ಆಕಾರದ ಕಚ್ಚು ಮಾಡಿ ನೀರಿಗೆ ಬಿಡುತ್ತಾರೆ. ಮುಂದೆ ಅದು ಯಾರ ಬೋನಿಗೆ ಬಿದ್ದರೂ, ಆಗ ಮೊಟ್ಟೆ ಇಲ್ಲದಿದ್ದರೂ, ಕಚ್ಚು ನೋಡಿ ಮತ್ತೆ ಬಿಡಬೇಕು. ಕೈಗೆ ಬಂದ ದುಡ್ಡನ್ನು ಕಡಲಿಗೆ ಎಸೆಯುವ ಕೆಲಸ ಅದು. ಯಾವ ತೆರಿಗೆ ರಿಯಾಯಿತಿಯೂ ಇಲ್ಲದೆ ಮಾಡುತ್ತಾರೆ, ಹೆಮ್ಮೆಯಿಂದ ಮಾಡುತ್ತಾರೆ. ಆದ್ದರಿಂದ ಇವರು ಪ್ರಕೃತಿಯ ಬಗ್ಗೆ ಕಾಳಜಿ ಇಲ್ಲದವರು ಎನ್ನುವುದು ಅನ್ಯಾಯದ ಮಾತು. ಆ ಹೆಣ್ಣಿನ ಸಂತಾನ ನಾಳೆ ಅವರದೇ ಬೋನಿಗೆ ಬರುತ್ತದೆ. ತಿಮಿಂಗಿಲ ಬರುವುದಿಲ್ಲ. ಎಷ್ಟೋ ಜನ ಜೀವಮಾನದಲ್ಲಿ ಒಂದು ರೈಟ್ ವೇಲನ್ನೂ ಕಂಡಿರುವುದಿಲ್ಲ. ಹೊಸ ಸಾಧನದಿಂದ ಹಿಡಿತವೂ ಹೆಚ್ಚುವುದಿಲ್ಲ, ಡೀಸೆಲ್ಲೂ ಉಳಿಯುವುದಿಲ್ಲ. ಚಾವಣಿಯ ಮೇಲೆ ಸೌರಫಲಕ ಹಾಕಿದವನಿಗೆ ತೆರಿಗೆ ರಿಯಾಯಿತಿ ಮುಗಿದ ಮೇಲೂ ತಿಂಗಳ ಬಿಲ್ಲು ಇಳಿಯುತ್ತಿರುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಬರೀ ಖರೀದಿಗೆ ರಿಯಾಯಿತಿ ಕೊಟ್ಟರೆ ರಸೀದಿ ತೆರಿಗೆ ಕಡತಕ್ಕೆ, ಸಾಧನ ಶೆಡ್ಡಿನ ಮೂಲೆಗೆ ಎಂದಾಗುವ ಸಂಭವವೇ ಹೆಚ್ಚು.

ಇನ್ನೂ ಒಂದು ಅಡ್ಡಿ. ಬೋನಿನ ಮೇಲೆ ಬುರುಡೆ ತೇಲಬೇಕು ಎಂಬುದು ಅಮೆರಿಕದ ಹಳೆಯ ನಿಯಮ. ಬುರುಡೆ ಇಲ್ಲದೆ ಇಳಿಸಲು ಪ್ರಯೋಗದ ಹೆಸರಿನಲ್ಲಿ ವಿಶೇಷ ಪರವಾನಗಿ ಪಡೆಯುವುದೇ ದಾರಿಯಾಗಿ ಬಂದಿದೆ. ನಕ್ಷೆಯ ಪರದೆಯ ಮೇಲಿನ ಗುರುತನ್ನೇ ಬುರುಡೆ ಎಂದು ಒಪ್ಪುವ ನಿಯಮಕ್ಕಾಗಿ ಮೀನುಗಾರಿಕಾ ಮಂಡಳಿಗಳು ಕೆಲಸ ಹಚ್ಚಿಕೊಂಡಿವೆ. ಬುರುಡೆ ಕಾಣದಿದ್ದರೆ ಇನ್ನೊಬ್ಬ ನಿನ್ನ ಸರದ ಮೇಲೇ ತನ್ನ ಸರ ಹಾಸಿಬಿಡುತ್ತಾನೆ, ತಳ ಬಾಚುವ ಬಲೆಯ ಬೋಟು ಬಂದು ಎರಡನ್ನೂ ಹೊತ್ತೊಯ್ಯುತ್ತದೆ. ಒಂದು ಕಂಪನಿಯ ಸಾಧನದ ಸಂಕೇತ ಇನ್ನೊಂದು ಕಂಪನಿಯ ಪರದೆಯಲ್ಲಿ ಕಾಣಬೇಕು, ಗಸ್ತಿನ ಅಧಿಕಾರಿಗೂ ಕಾಣಬೇಕು. ಇದು ಬಗೆಹರಿಯದೆ ಕೊಟ್ಟ ಕ್ರೆಡಿಟ್, ರಸ್ತೆ ಇಲ್ಲದ ಊರಿನಲ್ಲಿ ಕಾರಿಗೆ ಕೊಟ್ಟ ಸಾಲದಂತೆ.

ಉತ್ತರಕ್ಕೆ, ಕೆನಡಾದಲ್ಲಿ ಬೇರೆ ದಾರಿ ಹಿಡಿದರು. ನೀರು ಬಿಸಿಯಾಗಿ ಆಹಾರದ ಜೀವಿಗಳು ಜಾಗ ಬದಲಿಸಿದ್ದರಿಂದ ತಿಮಿಂಗಿಲಗಳು ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋಗತೊಡಗಿದ್ದವು. 2017ರ ಒಂದೇ ವರ್ಷ ಕೆನಡಾದ ನೀರಿನಲ್ಲಿ 12 ಸತ್ತವು. ಸರ್ಕಾರ ತಿಮಿಂಗಿಲ ಕಂಡ ಜಾಗವನ್ನು ಕಂಡ ಕೂಡಲೇ ಮುಚ್ಚುವ ಪದ್ಧತಿ ತಂದಿತು. ಜೊತೆಗೆ ಸಾಧನ ಕೊಳ್ಳಲು 2 ಕೋಟಿ ಕೆನಡಾ ಡಾಲರ್ ನಿಧಿ ಇಟ್ಟಿತು, ಕರೆದಾಗ ಬರುವ ಬೋನು ಇದ್ದವರಿಗೆ ಮುಚ್ಚಿದ ಜಾಗದಲ್ಲೂ ಹಿಮ ಏಡಿ ಹಿಡಿಯಲು ಬಿಟ್ಟಿತು. ಉಳಿದವರು ದಡದಲ್ಲಿ ಕಾಯುವಾಗ ತನ್ನ ಪಾಲಿನ ಏಡಿ ಹಿಡಿದು ಬರುವ ಅವಕಾಶವೇ ಅಲ್ಲಿ ಆ ಸಾಧನದ ನಿಜವಾದ ಬೆಲೆ. ಮ್ಯಾಸಚೂಸೆಟ್ಸ್‌ನಲ್ಲೂ ಚಳಿಗಾಲದ ಕೊನೆಗೆ ಮುಚ್ಚುವ ನೀರಿನಲ್ಲಿ ಪರವಾನಗಿ ಪಡೆದ ಕೆಲವರು ಇದೇ ರೀತಿ ಹಿಡಿಯುತ್ತಿದ್ದಾರೆ. ಮೇನ್‌ನ ಬಹುಪಾಲು ನೀರು ವರ್ಷವಿಡೀ ತೆರೆದಿದೆ. ತೆರೆದ ಬಾಗಿಲಿಗೆ ಯಾರು ಕೀಲಿಕೈ ಕೊಳ್ಳುತ್ತಾರೆ?

ನನ್ನ ಅಭಿಪ್ರಾಯದಲ್ಲಿ ರಿಯಾಯಿತಿಯನ್ನು ಖರೀದಿಗೆ ಕಟ್ಟದೆ ಬಳಕೆಗೆ ಕಟ್ಟಬೇಕು. ಈ ಸಾಧನಗಳಲ್ಲಿ ಅದು ಸಾಧ್ಯ. ಎಲ್ಲಿ ಇಳಿಸಿದರು, ಯಾವಾಗ ಎತ್ತಿದರು ಎಂಬುದು ಯಂತ್ರದಲ್ಲೇ ದಾಖಲಾಗುತ್ತದೆ. ಅರ್ಧ ಬೆಲೆ ಅಂಗಡಿಯಲ್ಲೇ ಇಳಿಸಿ, ಉಳಿದ ಕ್ರೆಡಿಟ್ಟನ್ನು ಹೀಗೆ ಎತ್ತಿದ ಸರಗಳ ಲೆಕ್ಕಕ್ಕೆ ಮೂರು ನಾಲ್ಕು ವರ್ಷ ಹಂಚಿ ಕೊಟ್ಟರೆ, ತಡವಾಗುವ ಹತ್ತು ನಿಮಿಷದ ಕೂಲಿಯೂ ಅದರಲ್ಲಿ ಸೇರುತ್ತದೆ. ತನ್ನ ಒಳ್ಳೆಯ ಜಾಗ ಸರ್ಕಾರದ ಕಂಪ್ಯೂಟರಿಗೆ ಗೊತ್ತಾಗುವುದು ಯಾವ ಮೀನುಗಾರನಿಗೂ ಇಷ್ಟವಿಲ್ಲ ಎಂಬುದು ನಿಜವಾದ ತಕರಾರು. ಎತ್ತಿದ ಸಂಖ್ಯೆಯನ್ನಷ್ಟೇ ತೆರಿಗೆ ಇಲಾಖೆಗೆ ಕಳಿಸಿ ಜಾಗವನ್ನು ಗುಟ್ಟಾಗಿಡುವ ಏರ್ಪಾಡು ಬೇಕಾಗುತ್ತದೆ. ತುಂಡಾಗುವ ಹಗ್ಗಕ್ಕೆ ಇಂಥ ದಾಖಲೆ ಇಲ್ಲ. ಅದಕ್ಕೆ ಹಳೆಯ ಹಗ್ಗ ಒಪ್ಪಿಸಿ ಹೊಸದು ಒಯ್ಯುವ ಸರಳ ವಿನಿಮಯವೇ ಸಾಕು, ತೆರಿಗೆ ಫಾರಂ ಬೇಡ.

ಇದು ದೂರದ ದೇಶದ ಮಾತೆಂದು ಬಿಡುವಂತೆಯೂ ಇಲ್ಲ. ಬಲೆಗೆ ಆಮೆ ತಪ್ಪಿಸಿಕೊಳ್ಳುವ ಸಾಧನ ಇಲ್ಲವೆಂದು ಇದೇ ಅಮೆರಿಕ 2019ರಲ್ಲಿ ಭಾರತದ ಕಡಲ ಸಿಗಡಿಯ ಆಮದನ್ನು ನಿಲ್ಲಿಸಿತು. ಆ ಸಾಧನವನ್ನು ಟ್ರಾಲ್ ಬೋಟುಗಳಿಗೆ ಪೂರ್ತಿ ಸರ್ಕಾರದ ಖರ್ಚಿನಲ್ಲೇ ಕೊಡಲು ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಅವಕಾಶ ಮಾಡಲಾಯಿತು. ಉಚಿತವಾಗಿ ಬಂದದ್ದನ್ನು ಬಲೆಗೆ ಹೊಲಿದುಕೊಳ್ಳುವುದು, ಹೊಲಿದದ್ದನ್ನು ನಡುಗಡಲಿನಲ್ಲಿ ಬಿಚ್ಚದೆ ಇರುವುದು ಬೋಟಿನವರ ಕೈಯಲ್ಲಿದೆ. ಮಹಾರಾಷ್ಟ್ರ 2018ರ ಡಿಸೆಂಬರ್‌ನಲ್ಲಿ ಇನ್ನೊಂದು ಹಾದಿ ತುಳಿಯಿತು. ಬಲೆಗೆ ಬಿದ್ದ ಆಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್‌ನಂಥ ಸಂರಕ್ಷಿತ ಪ್ರಾಣಿಯನ್ನು ಬಲೆ ಕೊಯ್ದು ಬಿಟ್ಟವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡತೊಡಗಿತು. ಅಲ್ಲಿ ಹಣ ಸಿಗುವುದು ಬಲೆ ಕೊಯ್ದ ಮೇಲೆ, ಪ್ರಾಣಿಯನ್ನು ಬಿಟ್ಟ ಮೇಲೆ.

ಮೇನ್‌ನಲ್ಲಿ ಚಳಿಗಾಲ ಎಂದರೆ ಹಲವರಿಗೆ ಶೆಡ್ಡಿನ ಕಾಲ. ಬೋಟು ದಡಕ್ಕೆ ಏರಿರುತ್ತದೆ, ಸವೆದ ಹಗ್ಗವನ್ನು ಬದಿಗೆ ತೆಗೆದು, ಹೊಸ ಸುರುಳಿ ಬಿಚ್ಚಿ, ಅಳೆದು, ನೇರಳೆ ಗುರುತು ಹಾಕುತ್ತಾ ಕೂರುತ್ತಾರೆ. ಹೀಗೆ ಸಿದ್ಧವಾದ ಹಗ್ಗ ನೀರಿನಲ್ಲಿ ಕೆಲವು ವರ್ಷ ಬಾಳುತ್ತದೆ. 2028ರ ಡಿಸೆಂಬರ್ 31 ಕಳೆದ ಮರುದಿನ ನಿಯಮ ಏನೇ ಬರಲಿ, ಅಂದು ಕಡಲಿನಲ್ಲಿ ನಿಂತಿರುವ ಹಗ್ಗದಲ್ಲಿ ಬಹುಪಾಲು ಈಗಿನ ಚಳಿಗಾಲಗಳಲ್ಲಿ ಕೊಂಡು ಶೆಡ್ಡಿನಲ್ಲಿ ಗುರುತು ಹಾಕಿದ್ದೇ ಆಗಿರುತ್ತದೆ.